ನೋವಿಲ್ಲದ ಕಾಮಾಲೆ, ಕಾರಣವಿಲ್ಲದೆ ಇಳಿಯುವ ತೂಕ: ಮೇದೋಜೀರಕ ಗ್ರಂಥಿಯ ಕ್ಯಾನ್ಸರನ್ನು ಬೇಗ ಗುರುತಿಸುವುದು ಹೇಗೆ

ವಯಸ್ಸಾದವರ ಕಣ್ಣು ಹಳದಿಯಾಯಿತೆಂದರೆ ನಮ್ಮ ಊರುಗಳಲ್ಲಿ ಮೊದಲು ನೆನಪಾಗುವುದು ನೆಲನೆಲ್ಲಿ. ಮಜ್ಜಿಗೆಯಲ್ಲಿ ಕದಡಿ ಕುಡಿಸುತ್ತಾರೆ, ಎಣ್ಣೆ ಖಾರ ಬಿಡಿಸಿ ಪಥ್ಯ ಮಾಡಿಸುತ್ತಾರೆ, ಕೆಲವು ಕಡೆ ಈಗಲೂ ಕೈಗೆ ಬರೆ ಹಾಕಿಸುತ್ತಾರೆ. ಹೆಪಟೈಟಿಸ್ ಎ ಅಥವಾ ಇ ವೈರಸ್ಸಿನಿಂದ ಬಂದ ಕಾಮಾಲೆ ಬಹುತೇಕ ಮಂದಿಯಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಹೆಸರು ಔಷಧಿಗೆ ಬರುತ್ತದೆ. ಪಿತ್ತನಾಳ ಮುಚ್ಚಿಕೊಂಡು ಬಂದ ಕಾಮಾಲೆ ಹಾಗೆ ಇಳಿಯುವುದಿಲ್ಲ. ದಿನದಿಂದ ದಿನಕ್ಕೆ ಗಾಢವಾಗುತ್ತಾ ಹೋಗುತ್ತದೆ. ನಾಳ ಮುಚ್ಚಲು ಮೇದೋಜೀರಕ ಗ್ರಂಥಿಯ ಗೆಡ್ಡೆ ಕಾರಣವಾಗಿದ್ದರೆ, ಪಥ್ಯದಲ್ಲಿ ಕಳೆದ ಆ ಐದಾರು ವಾರಗಳೇ ಆಪರೇಷನ್ ಮಾಡಬಹುದಾಗಿದ್ದ ರೋಗವನ್ನು ಕೈಮೀರಿ ಹೋಗುವಂತೆ ಮಾಡಬಲ್ಲವು.

ಈ ಕ್ಯಾನ್ಸರ್ ಬರುವುದು ಅಪರೂಪ, ಬಂದರೆ ಉಳಿಯುವವರು ಕಡಿಮೆ. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 5.1 ಲಕ್ಷ ಜನರಿಗೆ ಹೊಸದಾಗಿ ಬಂದಿದೆ, ಸುಮಾರು 4.67 ಲಕ್ಷ ಜನ ಸತ್ತಿದ್ದಾರೆ ಎಂಬುದು ಅಂದಾಜು. ಅಮೆರಿಕದ ಲೆಕ್ಕದ ಪ್ರಕಾರ ಐದು ವರ್ಷ ಬದುಕುವವರು ನೂರಕ್ಕೆ 13 ಮಂದಿ. ಗೆಡ್ಡೆ ಗ್ರಂಥಿಯೊಳಗೇ ಇರುವಾಗ ಸಿಕ್ಕವರಲ್ಲಿ ಈ ಸಂಖ್ಯೆ 44ರ ಹತ್ತಿರ, ದೂರದ ಅಂಗಗಳಿಗೆ ಹರಡಿದ ಮೇಲೆ 3ರ ಹತ್ತಿರ. ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ಬೇಗ ಗುರುತಿಸಬೇಕು ಎನ್ನುವುದಕ್ಕೆ ಕಾರಣ. ಗೋವಾದ ಮುಖ್ಯಮಂತ್ರಿಯಾಗಿದ್ದ ಮನೋಹರ ಪರ್ರೀಕರ್ 2019ರ ಮಾರ್ಚ್ 17ರಂದು ತೀರಿಕೊಂಡದ್ದು ಇದೇ ಕಾಯಿಲೆಯಿಂದ.

ಭಾರತದಲ್ಲಿ ಇದರ ಪ್ರಮಾಣ ಪಶ್ಚಿಮದ ದೇಶಗಳಿಗಿಂತ ಕಡಿಮೆ. ಮುಂದೆ ಹೇಳುವ ಲಕ್ಷಣಗಳು ಕಂಡ ಬಹುಪಾಲು ಜನರಲ್ಲಿ ಕೊನೆಗೆ ಸಿಗುವುದು ಪಿತ್ತಕೋಶದ ಕಲ್ಲೋ, ಹುಣ್ಣೋ, ಮಾಮೂಲಿ ಸಕ್ಕರೆ ಕಾಯಿಲೆಯೋ ಆಗಿರುತ್ತದೆ. ಆದ್ದರಿಂದ ಹೆದರುವುದು ಬೇಡ. ಆದರೆ ಯಾವುದು ಎಂದು ಖಚಿತಪಡಿಸಿಕೊಳ್ಳದೆ ಸುಮ್ಮನಿರುವುದೂ ಬೇಡ.

ಗ್ರಂಥಿ ಎಲ್ಲಿದೆ, ಲಕ್ಷಣ ಏಕೆ ತಡ

ಮೇದೋಜೀರಕ ಗ್ರಂಥಿ, ಅಂದರೆ ಡಾಕ್ಟರು ಪ್ಯಾಂಕ್ರಿಯಾಸ್ ಎನ್ನುವ ಅಂಗ, ಸುಮಾರು 15 ಸೆಂಟಿಮೀಟರ್ ಉದ್ದ ಇರುತ್ತದೆ. ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡ್ಡಲಾಗಿ ಮಲಗಿರುತ್ತದೆ. ಬಲಗಡೆಯ ದಪ್ಪ ಭಾಗ ತಲೆ, ನಡುವಿನದು ದೇಹ, ಎಡಕ್ಕೆ ಗುಲ್ಮದವರೆಗೆ (ಸ್ಪ್ಲೀನ್) ಚಾಚಿರುವುದು ಬಾಲ. ತಲೆಯ ಸುತ್ತ ಸಣ್ಣ ಕರುಳಿನ ಮೊದಲ ಭಾಗ ಬಳಸಿಕೊಂಡಿದೆ. ಯಕೃತ್ತಿನಿಂದ ಇಳಿದು ಬರುವ ಪಿತ್ತನಾಳ ಈ ತಲೆಯ ಮೂಲಕವೇ ಹಾದು ಕರುಳನ್ನು ಸೇರುತ್ತದೆ. ಗ್ರಂಥಿಯದು ಎರಡು ಕೆಲಸ: ಕೊಬ್ಬು, ಪ್ರೋಟೀನ್, ಪಿಷ್ಟವನ್ನು ಜೀರ್ಣಿಸುವ ರಸವನ್ನು ಕರುಳಿಗೆ ಬಿಡುವುದು, ಇನ್ಸುಲಿನ್ ಮತ್ತು ಗ್ಲುಕಗಾನ್ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುವುದು.

ಇಷ್ಟು ತಿಳಿದರೆ ಲಕ್ಷಣಗಳೆಲ್ಲ ತಾವಾಗಿ ಅರ್ಥವಾಗುತ್ತವೆ. ನಾಳ ಮುಚ್ಚಿದರೆ ಕಾಮಾಲೆ. ಜೀರ್ಣರಸ ಬಾರದಿದ್ದರೆ ಜಿಡ್ಡಿನ ಮಲ. ಹಾರ್ಮೋನ್ ಕೆಟ್ಟರೆ ಸಕ್ಕರೆ. ಹಿಂದಿರುವ ನರಗಳ ಗುಚ್ಛಕ್ಕೆ ಗೆಡ್ಡೆ ತಾಗಿದರೆ ಬೆನ್ನುನೋವು. ಅಂಗ ಇಷ್ಟು ಒಳಗಿರುವುದರಿಂದ ಡಾಕ್ಟರು ಹೊಟ್ಟೆ ಒತ್ತಿ ನೋಡಿದರೂ ಸಣ್ಣ ಗೆಡ್ಡೆ ಕೈಗೆ ಸಿಗುವುದಿಲ್ಲ.

ಮೂರರಲ್ಲಿ ಎರಡು ಪಾಲಿನಷ್ಟು ಗೆಡ್ಡೆಗಳು ತಲೆಯಲ್ಲಿ ಬರುತ್ತವೆ. ತಲೆಯಲ್ಲಿ ಬಂದ ಗೆಡ್ಡೆ ಚಿಕ್ಕದಿರುವಾಗಲೇ ಪಿತ್ತನಾಳವನ್ನು ಒತ್ತಬಹುದು, ಕಣ್ಣು ಹಳದಿಯಾಗಿ ಬೇಗ ಗೊತ್ತಾಗುತ್ತದೆ. ದೇಹ ಮತ್ತು ಬಾಲದ ಗೆಡ್ಡೆಗೆ ಆ ಎಚ್ಚರಿಕೆ ಇಲ್ಲ. ತೂಕ ಇಳಿದು ಬೆನ್ನು ನೋಯುವ ಹೊತ್ತಿಗೆ ಬಹಳಷ್ಟು ಸಲ ಯಕೃತ್ತಿಗೆ ಹರಡಿರುತ್ತದೆ. ಈ ರೋಗದ ಮಟ್ಟಿಗೆ ಕಾಮಾಲೆ ಒಂದು ಅವಕಾಶ. ಅದನ್ನು ಪಥ್ಯದಲ್ಲಿ ಕಳೆಯಬಾರದು ಎನ್ನುವುದು ಇದಕ್ಕೇ.

ಇಲ್ಲಿ ಹೇಳುತ್ತಿರುವುದು ಗ್ರಂಥಿಯ ನಾಳದ ಒಳಪದರದಲ್ಲಿ ಹುಟ್ಟುವ ಅಡಿನೋಕಾರ್ಸಿನೋಮಾ ಬಗ್ಗೆ. ಹತ್ತರಲ್ಲಿ ಒಂಬತ್ತು ಪ್ರಕರಣ ಇದೇ. ಹಾರ್ಮೋನ್ ಮಾಡುವ ಕೋಶಗಳಲ್ಲಿ ಹುಟ್ಟುವ ನ್ಯೂರೋಎಂಡೋಕ್ರೈನ್ ಗೆಡ್ಡೆಗಳ ದಾರಿಯೇ ಬೇರೆ. ಅವು ನಿಧಾನವಾಗಿ ಬೆಳೆಯುತ್ತವೆ, ಔಷಧಿಗಳೂ ಬೇರೆ. ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ಅವರಿಗೆ 2003ರಲ್ಲಿ ಪತ್ತೆಯಾದದ್ದು ಆ ಬಗೆಯದು, ಅವರು ತೀರಿಕೊಂಡದ್ದು 2011ರಲ್ಲಿ. ಒಂದು ಬಗೆಯವರ ಅನುಭವವನ್ನು ಇನ್ನೊಂದು ಬಗೆಯವರಿಗೆ ಹೋಲಿಸಿ ಧೈರ್ಯ ಹೇಳುವುದೂ ಹೆದರಿಸುವುದೂ ತಪ್ಪಾಗುತ್ತದೆ. ಬಯಾಪ್ಸಿ ರಿಪೋರ್ಟಿನಲ್ಲಿ ಬಗೆಯ ಹೆಸರನ್ನು ಮೊದಲು ನೋಡಿ.

ಮನೆಯಲ್ಲಿ ಗಮನಿಸುವ ಬಗೆ

ಕಣ್ಣು ನೋಡುವುದಕ್ಕೆ ಬೆಳಗಿನ ಬೆಳಕು ಬೇಕು. ಬಲ್ಬಿನ ಹಳದಿ ಬೆಳಕಿನಲ್ಲಿ ಮೋಸ ಹೋಗುತ್ತೇವೆ. ಕಿಟಕಿಯ ಹತ್ತಿರ ಕೂರಿಸಿ, ಕೆಳಗೆ ನೋಡಲು ಹೇಳಿ, ಮೇಲಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿ; ರೆಪ್ಪೆಯಡಿ ಬಿಸಿಲು ಧೂಳು ತಾಗದ ಬಿಳಿ ಭಾಗ ಕಾಣುತ್ತದೆ. ವಯಸ್ಸಾದವರಲ್ಲಿ ಕಣ್ಣಿನ ಮೂಲೆಯಲ್ಲಿ ಮಾಸಲು ಬಣ್ಣ ಇರುವುದು ಸಹಜ. ಇಡೀ ಬಿಳಿಭಾಗ ಒಂದೇ ಸಮನೆ ಹಳದಿಯಾದರೆ ಅದು ಕಾಮಾಲೆ. ರಕ್ತದಲ್ಲಿ ಈ ಹಳದಿಗೆ ಕಾರಣವಾದ ಬಿಲಿರುಬಿನ್ ಸಾಮಾನ್ಯವಾಗಿ 1.2 ಮಿಲಿಗ್ರಾಂ ಒಳಗಿರುತ್ತದೆ, 2.5ರಿಂದ 3 ತಲುಪಿದ ಮೇಲಷ್ಟೇ ಕಣ್ಣಿನಲ್ಲಿ ಕಾಣಿಸುತ್ತದೆ. ಕಪ್ಪು, ಎಣ್ಣೆಗೆಂಪು ಬಣ್ಣದ ಚರ್ಮದಲ್ಲಿ ಹಳದಿ ತಿಳಿಯುವುದು ಇನ್ನೂ ತಡ, ಆದ್ದರಿಂದ ಚರ್ಮವನ್ನು ನೆಚ್ಚಿಕೊಳ್ಳಬೇಡಿ.

ಬೆಳಗಿನ ಮೊದಲ ಮೂತ್ರ ಯಾರಿಗಾದರೂ ಗಾಢವಾಗಿಯೇ ಇರುತ್ತದೆ. ಎರಡು ಮೂರು ಲೋಟ ನೀರು ಕುಡಿದ ಮೇಲೂ ಹಾಲು ಹಾಕದ ಟೀ ಬಣ್ಣದಲ್ಲೇ ಬರುತ್ತಿದ್ದರೆ, ಒಳಬಟ್ಟೆಯ ಮೇಲೆ ಹಳದಿ ಕಲೆ ನಿಲ್ಲುತ್ತಿದ್ದರೆ ಬರೆದಿಟ್ಟುಕೊಳ್ಳಿ. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದವರ ಮೂತ್ರವೂ ಕಡು ಹಳದಿ ಆಗುತ್ತದೆ, ಆದರೆ ಅದು ಹೊಳಪಿನ ಹಳದಿ, ಕಂದು ಅಲ್ಲ. ಮಾತ್ರೆ ಬಿಟ್ಟ ಒಂದೆರಡು ದಿನದಲ್ಲಿ ಹೋಗುತ್ತದೆ.

ಮಲದ ಬಣ್ಣ ಕೇಳಲು ನಮ್ಮಲ್ಲಿ ಸಂಕೋಚ, ಹೇಳಲು ಇನ್ನೂ ಸಂಕೋಚ. ಆದರೂ ಕೇಳಬೇಕು. ಮಲಕ್ಕೆ ಕಂದು ಬಣ್ಣ ಕೊಡುವುದು ಪಿತ್ತ. ಪಿತ್ತ ಕರುಳಿಗೆ ಇಳಿಯದಿದ್ದರೆ ಮಲ ಬೂದಿ ಅಥವಾ ಜೇಡಿಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಕಣ್ಣು ಹಳದಿ, ಮೂತ್ರ ಕಂದು, ಮಲ ಬಿಳಿಚು: ಮೂರೂ ಒಟ್ಟಿಗೆ ಇದ್ದರೆ ನಾಳ ಎಲ್ಲೋ ಮುಚ್ಚಿದೆ ಎಂದೇ ತಿಳಿಯಿರಿ. ಇನ್ನೊಂದು ಬದಲಾವಣೆ ಕಾಮಾಲೆ ಇಲ್ಲದೆಯೂ ಬರುತ್ತದೆ. ಮಲ ಪ್ರಮಾಣದಲ್ಲಿ ಹೆಚ್ಚಿ, ಜಿಡ್ಡಾಗಿ, ಕೆಟ್ಟ ವಾಸನೆಯೊಂದಿಗೆ ನೀರಿನ ಮೇಲೆ ತೇಲುತ್ತದೆ; ಒಂದು ಬಕೆಟ್ ನೀರು ಹಾಕಿದರೂ ಕಮೋಡಿಗೆ ಅಂಟಿಕೊಂಡಿರುತ್ತದೆ, ಮೇಲೆ ಎಣ್ಣೆಯ ಪದರ ಕಾಣಬಹುದು. ಕೊಬ್ಬು ಜೀರ್ಣವಾಗದೆ ಹೊರಟು ಹೋಗುತ್ತಿದೆ ಎಂದು ಇದರ ಅರ್ಥ.

ತುರಿಕೆ ಕೆಲವರಲ್ಲಿ ಕಣ್ಣು ಹಳದಿಯಾಗುವ ಮೊದಲೇ ಶುರುವಾಗುತ್ತದೆ. ಅಂಗೈ, ಅಂಗಾಲಿನಲ್ಲಿ ಹೆಚ್ಚು, ರಾತ್ರಿ ಇನ್ನೂ ಹೆಚ್ಚು. ಚರ್ಮದ ಮೇಲೆ ಗುಳ್ಳೆ, ದದ್ದು ಇರುವುದಿಲ್ಲ, ಕೆರೆದ ಗೀರುಗಳಷ್ಟೇ. ಮುಲಾಮು ಹಚ್ಚುತ್ತಾ ತಿಂಗಳು ಕಳೆಯುವುದು ಇಲ್ಲಿ ಆಗುವ ತಪ್ಪು. ದದ್ದಿಲ್ಲದ ತುರಿಕೆಗೆ ಒಮ್ಮೆ ಯಕೃತ್ತಿನ ಸ್ಥಿತಿ ತೋರಿಸುವ ಎಲ್‌ಎಫ್‌ಟಿ ರಕ್ತಪರೀಕ್ಷೆ ಮಾಡಿಸಿ.

ನೋವು ಹೊಟ್ಟೆಯ ಮೇಲ್ಭಾಗದ ನಡುವೆ, ಎದೆಗೂಡಿನ ಕೆಳಗೆ ಮೊಂಡಾಗಿ ಶುರುವಾಗಿ ನೇರ ಬೆನ್ನಿಗೆ ಹಾಯುತ್ತದೆ. ಊಟವಾದ ಮೇಲೆ, ಅಂಗಾತ ಮಲಗಿದಾಗ ಹೆಚ್ಚುತ್ತದೆ. ಎದ್ದು ಕೂತು ಮುಂದಕ್ಕೆ ಬಗ್ಗಿದರೆ, ದಿಂಬು ತಬ್ಬಿಕೊಂಡರೆ ಸ್ವಲ್ಪ ಕಡಿಮೆ. ಸೊಂಟ ಅಥವಾ ಬೆನ್ನುಮೂಳೆಯ ನೋವು ಹೀಗಿರುವುದಿಲ್ಲ. ಅದು ಸಾಮಾನ್ಯವಾಗಿ ಮಲಗಿದರೆ ಇಳಿಯುತ್ತದೆ, ಎತ್ತುವಾಗ ತಿರುಗುವಾಗ ಹೆಚ್ಚುತ್ತದೆ. ರಾತ್ರಿ ಮಲಗಲಾಗದೆ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುತ್ತಿದ್ದಾರೆ ಎಂದರೆ ಆ ಮಾತನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಹೊಟ್ಟೆಯ ಮೇಲ್ಭಾಗದ ಏನೇ ಸಂಕಟವಾದರೂ ಗ್ಯಾಸ್ಟ್ರಿಕ್ ಎಂದು ಹೇಳಿ ಮೆಡಿಕಲ್ ಸ್ಟೋರಿನಿಂದ ಪ್ಯಾಂಟೊಪ್ರಜೋಲ್ ತಂದು ನುಂಗುವುದು ರೂಢಿಯಾಗಿಬಿಟ್ಟಿದೆ. ಮಾತ್ರೆ ಉರಿಯನ್ನು ಸ್ವಲ್ಪ ತಗ್ಗಿಸುವುದರಿಂದ ರೋಗ ಸಿಕ್ಕಿತು ಎಂಬ ಭ್ರಮೆ ಹುಟ್ಟುತ್ತದೆ. 50 ದಾಟಿದವರಿಗೆ ಹೊಸದಾಗಿ ಇಂಥ ತೊಂದರೆ ಶುರುವಾಗಿ, ಎರಡು ಮೂರು ವಾರದ ಮಾತ್ರೆಗೆ ಬಗ್ಗದಿದ್ದರೆ ಅಥವಾ ನಿಲ್ಲಿಸಿದ ಕೂಡಲೇ ಮರಳಿದರೆ ಮುಂದಿನ ಸ್ಟ್ರಿಪ್ ಕೊಳ್ಳಬೇಡಿ, ಪರೀಕ್ಷೆಗೆ ಹೋಗಿ. ಎಂಡೋಸ್ಕೋಪಿಯಲ್ಲಿ ಏನೂ ಇಲ್ಲ ಎಂದು ಬಂದರೂ ಮೇದೋಜೀರಕ ಗ್ರಂಥಿ ಸರಿಯಿದೆ ಎಂದಾಗುವುದಿಲ್ಲ. ಆ ಕೊಳವೆ ಜಠರದ ಒಳಭಾಗವನ್ನಷ್ಟೇ ನೋಡುತ್ತದೆ, ಗ್ರಂಥಿ ಇರುವುದು ಅದರ ಹಿಂದೆ.

ತೂಕವನ್ನು ವಾರಕ್ಕೊಮ್ಮೆ, ಒಂದೇ ಯಂತ್ರದಲ್ಲಿ, ಬೆಳಗ್ಗೆ ಶೌಚ ಮುಗಿಸಿ ತಿಂಡಿಗೆ ಮೊದಲು ನೋಡಿ. ಪ್ರಯತ್ನಪಡದೆ ಆರರಿಂದ ಹನ್ನೆರಡು ತಿಂಗಳಲ್ಲಿ ನೂರಕ್ಕೆ 5ರಷ್ಟು ಇಳಿದರೆ ಕಾರಣ ಹುಡುಕಲೇಬೇಕು. 60 ಕೆಜಿ ಇದ್ದವರಿಗೆ ಅದು 3 ಕೆಜಿ. ಯಂತ್ರವಿಲ್ಲದ ಮನೆಯಲ್ಲಿ ಬೆಲ್ಟಿನ ತೂತು, ರವಿಕೆಯ ಸಡಿಲ, ಬಳೆ ಮೊಣಕೈವರೆಗೆ ಜಾರುವುದು, ಇವೂ ಸಾಕ್ಷಿಯೇ.

ಹೊಸ ಸಕ್ಕರೆ ಕಾಯಿಲೆಯ ವಿಷಯ

ಇದನ್ನು ಬೇರೆಯಾಗಿ ಹೇಳಬೇಕು, ಏಕೆಂದರೆ ತಪ್ಪುವುದು ಇಲ್ಲೇ ಹೆಚ್ಚು. ಸಕ್ಕರೆ ಕಾಯಿಲೆ ನಮ್ಮಲ್ಲಿ ಮನೆಗೊಬ್ಬರಿಗೆ ಎನ್ನುವಂತಾಗಿದೆ. ಅದು ಬಂದಿದೆ ಎಂದ ಮಾತ್ರಕ್ಕೆ ಕ್ಯಾನ್ಸರ್ ಹುಡುಕುವುದು ಅರ್ಥವಿಲ್ಲದ್ದು. 50 ದಾಟಿದ ಮೇಲೆ ಹೊಸದಾಗಿ ಸಕ್ಕರೆ ಕಾಯಿಲೆ ಬಂದವರಲ್ಲಿ ಮೂರು ವರ್ಷದೊಳಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಕಾಣಿಸಿಕೊಳ್ಳುವುದು ನೂರಕ್ಕೆ ಸುಮಾರು ಒಬ್ಬರಲ್ಲಿ ಎಂದು ಅಮೆರಿಕದ ಅಧ್ಯಯನ ತೋರಿಸಿದೆ. ಆ ಒಬ್ಬರನ್ನು ಉಳಿದ ತೊಂಬತ್ತೊಂಬತ್ತು ಮಂದಿಯಿಂದ ಬೇರ್ಪಡಿಸುವ ಸುಳಿವು ತೂಕ.

ಮಾಮೂಲಿ ಟೈಪ್ 2 ಸಕ್ಕರೆ ಕಾಯಿಲೆ ಸಾಮಾನ್ಯವಾಗಿ ಹೊಟ್ಟೆ ಬೆಳೆಯುತ್ತಾ, ತೂಕ ಏರುತ್ತಾ ಬರುತ್ತದೆ. ತೂಕ ಇಳಿಯುತ್ತಿರುವಾಗಲೇ ಶುಗರ್ ಏರಿದರೆ, ಮನೆತನದಲ್ಲಿ ಯಾರಿಗೂ ಇಲ್ಲದಿದ್ದರೆ, ಅಥವಾ ವರ್ಷಗಟ್ಟಲೆ ಒಂದೇ ಮಾತ್ರೆಯಲ್ಲಿ ಹಿಡಿತದಲ್ಲಿದ್ದ ಶುಗರ್ ಊಟದಲ್ಲಿ ಬದಲಾವಣೆ ಇಲ್ಲದೆ ಎರಡು ಮೂರು ತಿಂಗಳಲ್ಲಿ ಇನ್ಸುಲಿನ್ ಬೇಡುವ ಮಟ್ಟಕ್ಕೆ ಹೋದರೆ, ಗ್ರಂಥಿಯ ಸ್ಕ್ಯಾನ್ ಬೇಕೇ ಎಂದು ಡಾಕ್ಟರನ್ನು ಕೇಳಿ. ಇಲ್ಲಿ ಒಂದು ಗೊಂದಲವಿದೆ. ಮೆಟ್‌ಫಾರ್ಮಿನ್ ಮತ್ತು ಈಚೆಗೆ ಬಂದಿರುವ ತೂಕ ಇಳಿಸುವ ಇಂಜೆಕ್ಷನ್‌ಗಳು ಹಸಿವು ಕಡಿಮೆ ಮಾಡುತ್ತವೆ, ಭೇದಿಯನ್ನೂ ತರಬಹುದು. ಆದ್ದರಿಂದ ತೂಕ ಇಳಿಯಲು ಶುರುವಾದದ್ದು ಔಷಧಿಗೆ ಮೊದಲೋ ಆಮೇಲೋ ಎಂದು ತಾರೀಖು ಸಮೇತ ಬರೆದಿಡಿ. ಶುಗರ್ ಬಂದವರು ತೆಳ್ಳಗಾದರೆ ನೆಂಟರು ಪಥ್ಯ ಚೆನ್ನಾಗಿ ಮಾಡಿದ್ದೀರಿ ಎಂದು ಮೆಚ್ಚುತ್ತಾರೆ. ಆ ಮೆಚ್ಚುಗೆಯಲ್ಲಿ ಅರ್ಧ ವರ್ಷ ಹೋಗಿಬಿಡುತ್ತದೆ.

ಕಡಿಮೆ ಕಾಣುವ ಲಕ್ಷಣಗಳೂ ಇವೆ. ಕಾರಣವಿಲ್ಲದೆ ಒಂದು ಕಾಲು ಊದಿ ನೋಯುವುದು ರಕ್ತ ಹೆಪ್ಪುಗಟ್ಟಿದ್ದರ ಗುರುತು. ಒಳಗಿನ ಕ್ಯಾನ್ಸರಿಗೂ ಇದಕ್ಕೂ ಇರುವ ನಂಟನ್ನು ಫ್ರಾನ್ಸಿನ ವೈದ್ಯ ಟ್ರೂಸೋ 1865ರಲ್ಲೇ ಹೇಳಿದ್ದರು. ಕುಡಿತವಿಲ್ಲ, ಪಿತ್ತಕೋಶದಲ್ಲಿ ಕಲ್ಲಿಲ್ಲ, ಆದರೂ ವಯಸ್ಸಾದ ಮೇಲೆ ಮೊದಲ ಸಲ ಪ್ಯಾಂಕ್ರಿಯಾಟೈಟಿಸ್ (ಗ್ರಂಥಿಯ ಉರಿಯೂತ) ಬಂತು ಎಂದರೆ, ಉರಿಯೂತ ಇಳಿದ ಮೇಲೆ ಗೆಡ್ಡೆ ಇದೆಯೇ ಎಂದು ಮತ್ತೆ ಸ್ಕ್ಯಾನ್ ಮಾಡಿ ನೋಡಬೇಕಾಗುತ್ತದೆ.

ಎಷ್ಟು ದಿನ ಕಾಯಬಹುದು

ಬ್ರಿಟನ್ನಿನ ನೈಸ್ ಸಂಸ್ಥೆ ಅಲ್ಲಿನ ವೈದ್ಯರಿಗೆ ಕೊಟ್ಟಿರುವ ಸೂಚನೆ ನಮಗೂ ಒಳ್ಳೆಯ ಅಳತೆ. 40 ದಾಟಿದವರಿಗೆ ಕಾಮಾಲೆ ಬಂದರೆ ತುರ್ತಾಗಿ ತಜ್ಞರಿಗೆ ಕಳಿಸಬೇಕು. 60 ದಾಟಿದವರಲ್ಲಿ ತೂಕ ಇಳಿಯುವುದರ ಜೊತೆಗೆ ಭೇದಿ, ಬೆನ್ನುನೋವು, ಹೊಟ್ಟೆನೋವು, ವಾಕರಿಕೆ, ವಾಂತಿ, ಮಲಬದ್ಧತೆ, ಹೊಸ ಸಕ್ಕರೆ ಕಾಯಿಲೆ, ಇವುಗಳಲ್ಲಿ ಯಾವುದೊಂದಿದ್ದರೂ ಎರಡು ವಾರದೊಳಗೆ ಸಿಟಿ ಸ್ಕ್ಯಾನ್ ಆಗಬೇಕು. ನಮ್ಮಲ್ಲಿ ಕೆಲವರಿಗೆ ಇನ್ನೂ ಚಿಕ್ಕ ವಯಸ್ಸಿನಲ್ಲೇ ಬರುವುದರಿಂದ 60 ಆಗಿಲ್ಲ ಎಂದು ಕಾಯುತ್ತಾ ಕೂರಬೇಕಿಲ್ಲ.

ಕಾಮಾಲೆಯ ಜೊತೆ ಚಳಿಜ್ವರ ಬಂದರೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ಮುಚ್ಚಿದ ನಾಳದಲ್ಲಿ ಸೋಂಕು ಸೇರಿದ್ದರ ಲಕ್ಷಣ ಅದು, ಕೆಲವೇ ಗಂಟೆಗಳಲ್ಲಿ ಬಿ.ಪಿ. ಕುಸಿಯಬಹುದು.

ಡಾಕ್ಟರ ಹತ್ತಿರ ಹೋಗುವಾಗ

ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಆರು ತಿಂಗಳ ಹಿಂದಿನ ತೂಕ ಮತ್ತು ಇಂದಿನ ತೂಕ, ಮೂತ್ರ ಮತ್ತು ಮಲದ ಬಣ್ಣ ಬದಲಾದ ದಿನ, ನೋವು ಯಾವ ಭಂಗಿಯಲ್ಲಿ ಹೆಚ್ಚು, ಶುಗರ್ ಮೊದಲು ಗೊತ್ತಾದ ತಿಂಗಳು, ಬೀಡಿ, ಸಿಗರೇಟು, ಕುಡಿತದ ಲೆಕ್ಕ, ಮನೆತನದಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಎಷ್ಟನೇ ವಯಸ್ಸಿನಲ್ಲಿ ಬಂತು. ನಾಟಿ ಔಷಧಿ ತೆಗೆದುಕೊಂಡಿದ್ದರೆ ಮುಚ್ಚಿಡಬೇಡಿ. ಕೆಲವು ಗಿಡಮೂಲಿಕೆಗಳು ಯಕೃತ್ತಿಗೆ ಪೆಟ್ಟು ಕೊಡುತ್ತವೆ, ಗೊತ್ತಿಲ್ಲದಿದ್ದರೆ ರಿಪೋರ್ಟ್ ತಪ್ಪಾಗಿ ಅರ್ಥವಾಗುತ್ತದೆ.

ಮೊದಲು ಎಲ್‌ಎಫ್‌ಟಿ. ಅದರಲ್ಲಿ ಡೈರೆಕ್ಟ್ ಬಿಲಿರುಬಿನ್ ಮತ್ತು ಆಲ್ಕಲೈನ್ ಫಾಸ್ಫಟೇಸ್ ಬಹಳ ಏರಿ, ಎಸ್‌ಜಿಪಿಟಿ ಅಷ್ಟಾಗಿ ಏರದಿದ್ದರೆ ನಾಳ ಮುಚ್ಚಿರುವ ಸಾಧ್ಯತೆ ಹೆಚ್ಚು. ವೈರಸ್ ಕಾಮಾಲೆಯಲ್ಲಿ ಲೆಕ್ಕ ಉಲ್ಟಾ: ಎಸ್‌ಜಿಪಿಟಿ ಸಾವಿರ ದಾಟಬಹುದು, ಕಣ್ಣು ಹಳದಿಯಾಗುವ ಮೊದಲು ಜ್ವರ, ವಾಕರಿಕೆ ಇರುತ್ತದೆ. ಪಿತ್ತಕೋಶದ ಕಲ್ಲು ನಾಳಕ್ಕೆ ಜಾರಿದ್ದರೆ ಹೊಟ್ಟೆ ಹಿಂಡುವ ನೋವು ಬಂದು ಹೋಗುತ್ತಿರುತ್ತದೆ, ಹಳದಿಯೂ ಏರಿಳಿಯುತ್ತದೆ.

ಆಮೇಲೆ ಹೊಟ್ಟೆಯ ಅಲ್ಟ್ರಾಸೌಂಡ್. ಅಗ್ಗ, ಬಹಳಷ್ಟು ತಾಲ್ಲೂಕು ಕೇಂದ್ರಗಳಲ್ಲೂ ಸಿಗುತ್ತದೆ. ಇದರ ರಿಪೋರ್ಟಿನಲ್ಲಿ ಒಂದು ಸಾಲನ್ನು ಹುಡುಕಿ ಓದಿ. ಪ್ಯಾಂಕ್ರಿಯಾಸ್ ಎಂಬ ಹೆಸರಿನ ಎದುರು ‘ಅಬ್‌ಸ್ಕ್ಯೂರ್ಡ್ ಬೈ ಬವೆಲ್ ಗ್ಯಾಸ್’ ಅಥವಾ ‘ಪಾರ್ಶಿಯಲಿ ವಿಶುವಲೈಸ್ಡ್’ ಎಂದಿದ್ದರೆ, ಕರುಳಿನ ಗಾಳಿಯಿಂದಾಗಿ ಗ್ರಂಥಿ ಪೂರ್ತಿ ಕಾಣಲಿಲ್ಲ ಎಂದು ಅರ್ಥ. ಕೆಳಗೆ ಕೊನೆಯಲ್ಲಿ ‘ನೋ ಸಿಗ್ನಿಫಿಕೆಂಟ್ ಅಬ್‌ನಾರ್ಮಾಲಿಟಿ’ ಎಂದು ಬರೆದಿರುತ್ತಾರೆ, ಮನೆಯವರು ಅದನ್ನು ಓದಿ ನಿರಾಳವಾಗುತ್ತಾರೆ. ಕಾಣದೇ ಇದ್ದದ್ದು ಸರಿಯಿದೆ ಎಂದಾಗುವುದಿಲ್ಲ. ಲಕ್ಷಣ ಮುಂದುವರಿದಿದ್ದರೆ ಆ ಸಾಲನ್ನು ಬೆರಳಿಟ್ಟು ತೋರಿಸಿ, ಸಿಟಿ ಬೇಕೇ ಎಂದು ಕೇಳಿ. ಸಾಮಾನ್ಯವಾಗಿ 6-7 ಮಿಲಿಮೀಟರ್ ಒಳಗಿರುವ ಪಿತ್ತನಾಳ ಹಿಗ್ಗಿದ್ದರೆ, 3 ಮಿಲಿಮೀಟರ್ ಒಳಗಿರುವ ಗ್ರಂಥಿಯ ನಾಳವೂ ಹಿಗ್ಗಿದ್ದರೆ, ಗೆಡ್ಡೆ ನೇರವಾಗಿ ಕಾಣದಿದ್ದರೂ ಅದಕ್ಕೆ ಬಲವಾದ ಸುಳಿವು. ‘ಡಬಲ್ ಡಕ್ಟ್ ಸೈನ್’ ಎಂದು ಬರೆಯುವುದು ಇದನ್ನೇ.

ತೀರ್ಮಾನ ಕೊಡುವ ಪರೀಕ್ಷೆ ‘ಪ್ಯಾಂಕ್ರಿಯಾಸ್ ಪ್ರೋಟೋಕಾಲ್’ ಸಿಟಿ. ಸಾಮಾನ್ಯ ಹೊಟ್ಟೆ ಸಿಟಿಗಿಂತ ಇದು ಬೇರೆ. ರಕ್ತನಾಳಕ್ಕೆ ಕಾಂಟ್ರಾಸ್ಟ್ ಕೊಟ್ಟು, ಸುಮಾರು 40-50 ಸೆಕೆಂಡಿಗೆ ಒಮ್ಮೆ, 65-70 ಸೆಕೆಂಡಿಗೆ ಇನ್ನೊಮ್ಮೆ, 3 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾದ ಪದರಗಳಲ್ಲಿ ಚಿತ್ರ ತೆಗೆಯುತ್ತಾರೆ. ಮೊದಲ ಹಂತದಲ್ಲಿ ಆರೋಗ್ಯವಂತ ಗ್ರಂಥಿ ಹೊಳೆಯುತ್ತದೆ, ಗೆಡ್ಡೆ ಮಂಕಾಗಿ ಎದ್ದು ಕಾಣುತ್ತದೆ. ಒಂದೇ ಹಂತದಲ್ಲಿ ಮಾಡಿದ ಸಿಟಿಯಲ್ಲಿ ಸಣ್ಣ ಗೆಡ್ಡೆ ತಪ್ಪಿಹೋಗಬಹುದು, ದುಡ್ಡು ಕೊಟ್ಟು ಮತ್ತೆ ಮಾಡಿಸಬೇಕಾಗುತ್ತದೆ. ಚೀಟಿಯಲ್ಲಿ ಪ್ರೋಟೋಕಾಲ್ ಹೆಸರು ಬರೆದಿದೆಯೇ ನೋಡಿಕೊಳ್ಳಿ. ಮೊದಲೇ ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ಆಗಿರಬೇಕು. ಹಿಂದೆ ಕಾಂಟ್ರಾಸ್ಟ್ ಅಲರ್ಜಿ ಆಗಿದ್ದರೆ, ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಹೇಳಿ. ಫಿಲ್ಮ್ ಮಾತ್ರ ಸಾಲದು, ಸಿ.ಡಿ. ಕೇಳಿ ಪಡೆಯಿರಿ. ಮುಂದೆ ನೋಡುವ ಸರ್ಜನ್‌ಗೆ ಬೇಕಾಗುವುದು ಅದೇ.

ಸಿಎ 19-9 ಎಂಬ ರಕ್ತಪರೀಕ್ಷೆಯ ಬಗ್ಗೆ ತಪ್ಪು ನಂಬಿಕೆ ಬಹಳ. ಇದರ ಸಾಮಾನ್ಯ ಮಿತಿ 37. ಕಲ್ಲಿನಿಂದ ನಾಳ ಮುಚ್ಚಿದರೂ, ಗ್ರಂಥಿಯ ಉರಿಯೂತವಿದ್ದರೂ ಇದು ನೂರುಗಟ್ಟಲೆ ಏರುತ್ತದೆ. ಇನ್ನೊಂದೆಡೆ ನೂರರಲ್ಲಿ 5ರಿಂದ 10 ಮಂದಿಯ ದೇಹ ಹುಟ್ಟಿನಿಂದಲೇ ಈ ವಸ್ತುವನ್ನು ತಯಾರಿಸುವುದಿಲ್ಲ, ಅವರಲ್ಲಿ ಕ್ಯಾನ್ಸರ್ ಇದ್ದರೂ ಏರುವುದಿಲ್ಲ. ಹಾಗಾಗಿ ಆರೋಗ್ಯವಾಗಿರುವವರು ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಇದನ್ನು ಮಾಡಿಸುವುದರಿಂದ ಪ್ರಯೋಜನವಿಲ್ಲ. ರೋಗ ಖಚಿತವಾದ ಮೇಲೆ ಚಿಕಿತ್ಸೆ ಹಿಡಿಯುತ್ತಿದೆಯೇ ಎಂದು ನೋಡಲು ಇದರ ಉಪಯೋಗ ಹೆಚ್ಚು.

ಸ್ಟೆಂಟ್ ಹಾಕುವ ಮುನ್ನ

ಬಿಲಿರುಬಿನ್ ಏರಿದೆ ಎಂದು ಗಾಬರಿಯಾಗಿ, ಬಾಯಿಯಿಂದ ಕೊಳವೆ ಇಳಿಸಿ ಪಿತ್ತನಾಳ ತಲುಪುವ ಇಆರ್‌ಸಿಪಿ ಮಾಡಿಸಿ ನಾಳವನ್ನು ತೆರೆದಿಡುವ ಸಣ್ಣ ಕೊಳವೆ, ಅಂದರೆ ಸ್ಟೆಂಟ್, ಹಾಕಿಸಿಬಿಡುವುದು, ಸಿಟಿ ಆಮೇಲೆ ಎನ್ನುವುದು ಪದೇ ಪದೇ ಆಗುವ ತಪ್ಪು. ಸ್ಟೆಂಟ್ ಚಿತ್ರದಲ್ಲಿ ಗೀರು ಮೂಡಿಸುತ್ತದೆ, ಪ್ರಕ್ರಿಯೆಯಿಂದ ಗ್ರಂಥಿ ಊದಿಕೊಳ್ಳಬಹುದು; ಗೆಡ್ಡೆ ಎಲ್ಲಿ ಮುಗಿಯುತ್ತದೆ, ರಕ್ತನಾಳವನ್ನು ತಾಗಿದೆಯೇ ಎಂದು ಹೇಳುವುದು ಕಷ್ಟವಾಗುತ್ತದೆ. ಸಿಟಿ ಮೊದಲು, ಸ್ಟೆಂಟ್ ಆಮೇಲೆ. ಚಳಿಜ್ವರದ ತುರ್ತು ಇದ್ದಾಗ ಮಾತ್ರ ಈ ಕ್ರಮ ಬದಲಾಗಬಹುದು.

ಬೇಗನೆ ಆಪರೇಷನ್ ಆಗುವಂತಿದ್ದರೆ ಸ್ಟೆಂಟೇ ಬೇಕಾಗದಿರಬಹುದು. 2010ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸಿನ ಅಧ್ಯಯನದಲ್ಲಿ, ಬಿಲಿರುಬಿನ್ ಸುಮಾರು 14.6 ಮಿಲಿಗ್ರಾಂ ಒಳಗಿದ್ದವರಲ್ಲಿ ಮೊದಲು ಸ್ಟೆಂಟ್ ಹಾಕಿಸಿಕೊಂಡವರ ಪೈಕಿ ನೂರಕ್ಕೆ 74 ಮಂದಿಗೆ ಗಂಭೀರ ತೊಡಕುಗಳಾದವು, ನೇರವಾಗಿ ಆಪರೇಷನ್ ಆದವರಲ್ಲಿ 39 ಮಂದಿಗೆ. ಮೊದಲು ಕೀಮೋ ಕೊಡುವುದಾದರೆ, ಬಿಲಿರುಬಿನ್ ವಿಪರೀತ ಇದ್ದರೆ, ಸೋಂಕು ಇದ್ದರೆ ಸ್ಟೆಂಟ್ ಬೇಕು. ಆಗ ಪ್ಲಾಸ್ಟಿಕ್‌ದೋ ಲೋಹದ್ದೋ ಎಂದು ಕೇಳಿ. ಪ್ಲಾಸ್ಟಿಕ್ ಸ್ಟೆಂಟ್ ಸುಮಾರು ಮೂರು ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ, ಬದಲಿಸುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಆಪರೇಷನ್, ಕೀಮೋ

ಗೆಡ್ಡೆ ಹತ್ತಿರದ ದೊಡ್ಡ ರಕ್ತನಾಳಗಳನ್ನು ಎಷ್ಟು ಸುತ್ತಿಕೊಂಡಿದೆ, ದೂರ ಹರಡಿದೆಯೇ ಎಂಬುದರ ಮೇಲೆ ಎಲ್ಲ ನಿಂತಿದೆ. ಪತ್ತೆಯಾದವರಲ್ಲಿ ನೂರಕ್ಕೆ 15ರಿಂದ 20 ಮಂದಿಗಷ್ಟೇ ನೇರ ಆಪರೇಷನ್ ಸಾಧ್ಯ. ಇನ್ನು ಕೆಲವರಿಗೆ ಮೊದಲು ಕೀಮೋ ಕೊಟ್ಟು ಮತ್ತೆ ಸ್ಕ್ಯಾನ್ ಮಾಡಿ ನೋಡುತ್ತಾರೆ.

ತಲೆಯ ಗೆಡ್ಡೆಗೆ ಮಾಡುವುದು ವಿಪ್ಪಲ್ ಆಪರೇಷನ್. ಜರ್ಮನಿಯ ವಾಲ್ಟರ್ ಕಾಶ್ 1909ರಲ್ಲಿ ಮಾಡಿದ್ದನ್ನು ಅಮೆರಿಕದ ಆಲನ್ ವಿಪ್ಪಲ್ 1935ರಿಂದ ಬೆಳೆಸಿದರು. ಗ್ರಂಥಿಯ ತಲೆ, ಡ್ಯುಯೊಡಿನಂ (ಸಣ್ಣ ಕರುಳಿನ ಮೊದಲ ಭಾಗ), ಪಿತ್ತಕೋಶ, ಪಿತ್ತನಾಳದ ಕೆಳಭಾಗ, ಕೆಲವೊಮ್ಮೆ ಜಠರದ ತುದಿ ತೆಗೆದು, ಉಳಿದ ಗ್ರಂಥಿ, ಪಿತ್ತನಾಳ, ಜಠರ ಮೂರನ್ನೂ ಕರುಳಿಗೆ ಹೊಲಿಯುತ್ತಾರೆ. ಗ್ರಂಥಿಯ ಹೊಲಿಗೆ ಸೋರುವುದೇ ಇದರ ದೊಡ್ಡ ಅಪಾಯ. ಇದನ್ನು ಹೆಚ್ಚಾಗಿ ಮಾಡುವ ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣ ನೂರಕ್ಕೆ 5ಕ್ಕಿಂತ ಕಡಿಮೆ, ಅಪರೂಪಕ್ಕೆ ಮಾಡುವ ಕಡೆ ಅದಕ್ಕಿಂತ ಹೆಚ್ಚು. ವರ್ಷಕ್ಕೆ ಎಷ್ಟು ವಿಪ್ಪಲ್ ಮಾಡುತ್ತೀರಿ ಎಂದು ಸರ್ಜನ್ನರನ್ನು ಕೇಳುವುದರಲ್ಲಿ ಯಾವ ಅಗೌರವವೂ ಇಲ್ಲ.

ಆಪರೇಷನ್ ಆದ ಮೇಲೂ ಕೀಮೋ ಬೇಕು. ತಡೆದುಕೊಳ್ಳುವ ಶಕ್ತಿ ಇರುವವರಿಗೆ ನಾಲ್ಕು ಔಷಧಿಗಳ ಫೋಲ್‌ಫಿರಿನಾಕ್ಸ್ ಕೊಡುತ್ತಾರೆ. 2018ರ ಅಧ್ಯಯನದಲ್ಲಿ ಆಪರೇಷನ್ ನಂತರ ಇದನ್ನು ಪಡೆದವರ ಮಧ್ಯಮ ಬದುಕು (ಅರ್ಧದಷ್ಟು ಮಂದಿ ಇದಕ್ಕಿಂತ ಹೆಚ್ಚು ಕಾಲ ಬದುಕಿದ ಅವಧಿ) 54.4 ತಿಂಗಳು, ಜೆಮ್‌ಸೈಟಬಿನ್ ಮಾತ್ರ ಪಡೆದವರದು 35 ತಿಂಗಳು. ಹರಡಿದ ರೋಗದಲ್ಲಿ, 2011ರ ಅಧ್ಯಯನದ ಪ್ರಕಾರ, ಇದೇ ಹೋಲಿಕೆ 11.1 ಮತ್ತು 6.8 ತಿಂಗಳು. ಅಂಕಿಗಳು ಕಠಿಣವಾಗಿವೆ. ಆದರೆ ಮನೆಯವರು ನಿರ್ಧಾರ ಮಾಡುವಾಗ ಇವು ಗೊತ್ತಿರಬೇಕು, ರೋಗಿ ಕೇಳಿದರೆ ಅವರಿಂದ ಮುಚ್ಚಿಡಬಾರದು.

ಖರ್ಚಿನ ಬಗ್ಗೆ: ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಉಳಿದವರಿಗೆ ಪ್ಯಾಕೇಜಿನ ಶೇ. 30ರಷ್ಟು, 1.5 ಲಕ್ಷದ ಮಿತಿಯಲ್ಲಿ ನೆರವಿದೆ. ಖಾಸಗಿ ಆಸ್ಪತ್ರೆಗೆ ಸೇರುವ ಮೊದಲೇ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರದ ಬಗ್ಗೆ ವಿಚಾರಿಸಿ. ಸೇರಿ ಬಿಲ್ ಆದ ಮೇಲೆ ಓಡಾಡಿದರೆ ಕಷ್ಟ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಇದೆ, ರಾಜ್ಯದ ಮೂಲೆಮೂಲೆಯವರಿಗೆ ಅದೇ ಆಸರೆ.

ಊಟ, ಎನ್‌ಜೈಮ್, ನೋವು

ಈ ಭಾಗವನ್ನು ಆಸ್ಪತ್ರೆಗಳಲ್ಲಿ ಅವಸರದಲ್ಲಿ ಹೇಳಿ ಮುಗಿಸುತ್ತಾರೆ, ಮನೆಯವರು ಹೆಚ್ಚು ಮಾಡಬಹುದಾದದ್ದು ಮಾತ್ರ ಇಲ್ಲೇ. ಗ್ರಂಥಿಯ ರಸ ಕರುಳಿಗೆ ಬಾರದಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಅದಕ್ಕೆ ಆ ರಸದ ಎನ್‌ಜೈಮ್‌ಗಳಿರುವ ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲ್ ಇದೆ. ದೊಡ್ಡವರಿಗೆ ಸಾಮಾನ್ಯವಾಗಿ ಊಟಕ್ಕೆ 40,000ದಿಂದ 50,000 ಲೈಪೇಸ್ (ಕೊಬ್ಬು ಜೀರ್ಣಿಸುವ ಎನ್‌ಜೈಮ್) ಯೂನಿಟ್, ಸಣ್ಣ ತಿಂಡಿಗೆ 25,000ದಿಂದ ಶುರುಮಾಡಿ, ಮಲದ ಜಿಡ್ಡು ನಿಲ್ಲುವವರೆಗೆ ಡಾಕ್ಟರು ಏರಿಸುತ್ತಾರೆ. ಒಂದು ಊಟಕ್ಕೆ ಎರಡು ಕ್ಯಾಪ್ಸೂಲ್ ಇದ್ದರೆ ಮೊದಲ ತುತ್ತಿನೊಂದಿಗೆ ಒಂದು, ಅರ್ಧ ಊಟದಲ್ಲಿ ಇನ್ನೊಂದು. ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಕೈತೊಳೆದ ಮೇಲೆ ನುಂಗಿದರೆ ವ್ಯರ್ಥ, ಏಕೆಂದರೆ ಅದು ಆಹಾರದೊಂದಿಗೆ ಬೆರೆಯಬೇಕು. ಬಿಸಿ ಕಾಫಿ, ಬಿಸಿ ಸಾರಿನೊಂದಿಗೆ ನುಂಗಿದರೆ ಎನ್‌ಜೈಮ್ ಕೆಡುತ್ತದೆ; ತಣ್ಣೀರಿನಲ್ಲಿ ನುಂಗಿ. ಅಗಿಯಬಾರದು. ಒಂದು ಲೋಟ ಹಾಲು ಕುಡಿದರೂ ಒಂದು ಕ್ಯಾಪ್ಸೂಲ್ ಬೇಕು.

ಈ ಎನ್‌ಜೈಮ್ ತೆಗೆಯುವುದು ಹಂದಿಯ ಗ್ರಂಥಿಯಿಂದ. ಸಸ್ಯಾಹಾರಿಗಳಿಗೂ ಮುಸ್ಲಿಮರಿಗೂ ಇದು ಮುಖ್ಯ ವಿಷಯ. ಗೊತ್ತಾದ ದಿನ ಯಾರಿಗೂ ಹೇಳದೆ ನಿಲ್ಲಿಸಿಬಿಡುವವರು ಇದ್ದಾರೆ. ಮೊದಲೇ ತಿಳಿದು, ಮನೆಯ ಹಿರಿಯರೊಂದಿಗೋ ಧರ್ಮಗುರುಗಳೊಂದಿಗೋ ಮಾತಾಡಿ ನಿರ್ಧರಿಸಿ, ನಿರ್ಧಾರವನ್ನು ಡಾಕ್ಟರಿಗೂ ತಿಳಿಸಿ.

ಎಣ್ಣೆ, ತುಪ್ಪ ಪೂರ್ತಿ ಬಿಡಿಸಿ ಬರೀ ಗಂಜಿ, ಎಳನೀರಿನ ಮೇಲೆ ಇಡಬೇಡಿ. ತೂಕ ಇಳಿದಷ್ಟೂ ಕೀಮೋ ತಡೆಯುವ ಶಕ್ತಿ ಇಳಿಯುತ್ತದೆ. ಕ್ಯಾಪ್ಸೂಲ್ ಜೊತೆಗೆ ತುಪ್ಪ ಹಾಕಿದ ಅನ್ನ, ಮೊಸರು, ಮೊಟ್ಟೆ, ಕಡಲೆಬೀಜದ ಚಟ್ನಿ, ಬೇಳೆ ಎಲ್ಲ ಕೊಡಬಹುದು; ಮೂರು ಹೊತ್ತಿನ ಬದಲು ಆರು ಹೊತ್ತು, ಸ್ವಲ್ಪ ಸ್ವಲ್ಪ. ಶುಗರ್ ಇದ್ದವರಿಗೆ ಇನ್ಸುಲಿನ್ ಹೊಂದಿಸಿಕೊಂಡು ಊಟ ಕೊಡಬೇಕು, ಊಟ ಕಡಿತ ಮಾಡಿ ಶುಗರ್ ಇಳಿಸಬಾರದು.

ನೋವಿಗೆ ಮಾರ್ಫಿನ್ ಎಂದರೆ ಕೊನೆ ಬಂತು ಎಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ. ನೋವು ತಗ್ಗಿದರೆ ಊಟ, ನಿದ್ದೆ, ಓಡಾಟ ಮರಳುತ್ತವೆ. ಮಾರ್ಫಿನ್ ಶುರುವಾದ ದಿನದಿಂದಲೇ ಮಲಬದ್ಧತೆಗೆ ಔಷಧಿಯೂ ಬೇಕು. ಮಾತ್ರೆಗೆ ಬಗ್ಗದ ಬೆನ್ನುನೋವಿಗೆ ಹೊಟ್ಟೆಯ ಹಿಂದಿನ ನರಗುಚ್ಛಕ್ಕೆ ಸೂಜಿಯಿಂದ ಔಷಧಿ ಕೊಡುವ ಸೀಲಿಯಾಕ್ ಬ್ಲಾಕ್ ಇದೆ. ಅದನ್ನು ಡಾಕ್ಟರು ತಾವಾಗಿ ಹೇಳದಿದ್ದರೆ ನೀವೇ ಕೇಳಿ. ಬೆಂಗಳೂರಿನ ಕರುಣಾಶ್ರಯದಲ್ಲಿ ಉಪಶಾಮಕ ಆರೈಕೆ, ಅಂದರೆ ನೋವು ಸಂಕಟ ತಗ್ಗಿಸುವ ಆರೈಕೆ, ಉಚಿತ.

ಯಾರಿಗೆ ಅಪಾಯ ಹೆಚ್ಚು, ಮನೆಯ ಉಳಿದವರು ಏನು ಮಾಡಬೇಕು

ಬೀಡಿ ಸಿಗರೇಟು ಸೇದುವವರಲ್ಲಿ ಅಪಾಯ ಸುಮಾರು ಎರಡು ಪಟ್ಟು. ಬಿಟ್ಟ ಮೇಲೆ ವರ್ಷ ಕಳೆದಂತೆ ಇಳಿಯುತ್ತದೆ. ಬೊಜ್ಜು, ದೀರ್ಘಕಾಲದ ಸಕ್ಕರೆ ಕಾಯಿಲೆ, ಕುಡಿತದಿಂದ ಬರುವ ಗ್ರಂಥಿಯ ಹಳೆಯ ಉರಿಯೂತ ಕೂಡ ಕಾರಣಗಳು. ದಕ್ಷಿಣ ಭಾರತದಲ್ಲಿ, ಮುಖ್ಯವಾಗಿ ಕೇರಳದಲ್ಲಿ, ಕುಡಿತವಿಲ್ಲದೆಯೇ ಚಿಕ್ಕ ವಯಸ್ಸಿನಲ್ಲಿ ಗ್ರಂಥಿಯಲ್ಲಿ ಕಲ್ಲು ಕಟ್ಟುವ ಟ್ರಾಪಿಕಲ್ ಪ್ಯಾಂಕ್ರಿಯಾಟೈಟಿಸ್ ಎಂಬ ಕಾಯಿಲೆ ಇದೆ. ಅಂಥವರಲ್ಲಿ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಹೆಚ್ಚು, ಅದೂ ಕಿರಿಯ ವಯಸ್ಸಿಗೆ. ವರ್ಷಗಳಿಂದ ಇದ್ದ ನೋವಿನ ಸ್ವರೂಪ ಬದಲಾದರೆ, ತೂಕ ಮತ್ತೆ ಇಳಿದರೆ, ಹಳೆಯ ಕಾಯಿಲೆಯೇ ಎಂದು ಬಿಡದೆ ಹೊಸ ಸ್ಕ್ಯಾನ್ ಮಾಡಿಸಬೇಕು.

ನೂರಕ್ಕೆ 10ರಷ್ಟು ಪ್ರಕರಣಗಳಲ್ಲಿ ಮನೆತನದ ಪಾತ್ರವಿದೆ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ತರುವ ಬಿಆರ್‌ಸಿಎ 2 ಜೀನಿನ ದೋಷ ಇದನ್ನೂ ತರುತ್ತದೆ. ಆದ್ದರಿಂದ ಈ ಕ್ಯಾನ್ಸರ್ ಖಚಿತವಾದ ಎಲ್ಲರಿಗೂ ಜೀನ್ ಪರೀಕ್ಷೆ ಮಾಡಿಸಿ ಎಂದು ಈಗ ಸಲಹೆ ಮಾಡುತ್ತಾರೆ. ದೋಷ ಸಿಕ್ಕರೆ ರೋಗಿಗೆ ಬೇರೆ ಔಷಧಿ ಹೊಂದಬಹುದು. ಮಕ್ಕಳು, ಒಡಹುಟ್ಟಿದವರು ತಮ್ಮನ್ನು ಪರೀಕ್ಷಿಸಿಕೊಳ್ಳಬಹುದು. ಪರೀಕ್ಷೆಗೆ ರಕ್ತ ಅಥವಾ ಎಂಜಲು ಕೊಡಬೇಕಾದದ್ದು ರೋಗಿ, ಅವರು ಇರುವಾಗಲೇ.

ಯಾವ ಲಕ್ಷಣವೂ ಇಲ್ಲದ ಸಾಮಾನ್ಯ ಜನರಿಗೆ ಸ್ಕ್ರೀನಿಂಗ್ ಬೇಡ ಎಂದು ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆ 2019ರಲ್ಲೂ ಹೇಳಿದೆ. ಸುಳ್ಳು ಸುಳಿವುಗಳಿಂದ ಅನಗತ್ಯ ಆಪರೇಷನ್ ಆಗುವ ಹಾನಿಯೇ ಹೆಚ್ಚು. ತಂದೆ ತಾಯಿ ಒಡಹುಟ್ಟಿದವರಲ್ಲಿ ಇಬ್ಬರಿಗೆ ಈ ಕ್ಯಾನ್ಸರ್ ಬಂದಿದ್ದವರ, ಅಥವಾ ಜೀನ್ ದೋಷವಿದ್ದು ಹತ್ತಿರದವರೊಬ್ಬರಿಗೆ ಬಂದಿದ್ದವರ ಮಾತು ಬೇರೆ. ಅವರಿಗೆ ಸಾಮಾನ್ಯವಾಗಿ 50ನೇ ವಯಸ್ಸಿನಿಂದ, ಇಲ್ಲವೇ ಮನೆಯಲ್ಲಿ ಅತಿ ಚಿಕ್ಕವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲಿನಿಂದ, ವರ್ಷಕ್ಕೊಮ್ಮೆ ಎಂಆರ್‌ಐ ಅಥವಾ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮಾಡುತ್ತಾರೆ. ಇಂಥ ಮನೆಯಲ್ಲಿ ಅತಿ ಚಿಕ್ಕವನಾದ ಅಣ್ಣನಿಗೆ 48ರಲ್ಲಿ ಬಂದಿದ್ದರೆ ತಂಗಿಯ ಪರೀಕ್ಷೆ 38ರಿಂದ ಶುರು.